ಎಪ್ಪತ್ತೇಳು, ಎಂಬತ್ತೆರಡು

ಬೋರ್ಡಿನವರು ಬರೆದದ್ದು ಎರಡೇ ಸಾಲು:
ಕಾಯಿಲೆ ಸೇವೆಯಿಂದ ಬಂದದ್ದಲ್ಲ,
ಸೇವೆಯಲ್ಲಿ ಉಲ್ಬಣಿಸಿದ್ದೂ ಅಲ್ಲ.
ಕೆಳಗೆ, ಬೇರೆ ಮಸಿಯಲ್ಲಿ:
ಊರು ದಾವಣಗೆರೆ. ತಂದೆಯ ಕಸುಬು ಮಂಡಕ್ಕಿ ಭಟ್ಟಿ.
ಬಾಲ್ಯದ ಹೊಗೆ.

ಹೊಗೆ ಇದ್ದದ್ದು ಹೌದು.
ಬೆಳಗಿನ ಜಾವ ಮೂರಕ್ಕೇ ಅಪ್ಪ ಒಲೆಗೆ ಹೊಟ್ಟು ಸುರಿಯುತ್ತಿದ್ದ,
ಹೊಟ್ಟು ತೀರಿದ ದಿನ ಲಾರಿಯ ಹಳೇ ಟೈರು.
ಕಾದ ಉಸುಕಿಗೆ ಬಿದ್ದ ಅಕ್ಕಿ
ಚಟಚಟ ಅರಳಿ ಬೆಳ್ಳಗೆ ಮೇಲೇಳುವಾಗ
ನಾವಿಬ್ಬರು ಕರ್ರಗೆ, ಜರಡಿ ಹಿಡಿದು ನಿಂತಿರುತ್ತಿದ್ದೆವು.
ನಮ್ಮ ಓಣಿಯಲ್ಲಿ ಒಗೆದ ಬಟ್ಟೆಯನ್ನು
ಯಾರೂ ಹೊರಗೆ ಹರವುತ್ತಿರಲಿಲ್ಲ.

ಆದರೆ ಸಾಹೇಬರೇ,
ಆ ಹೊಗೆಯಿಂದಲೇ ಎದ್ದುಹೋಗಿ
ಹೈಸ್ಕೂಲ್ ಮೈದಾನದಲ್ಲಿ ಅಂಗಿ ಬಿಚ್ಚಿ ನಿಂತವನ ಎದೆಗೆ
ಟೇಪು ಸುತ್ತಿದವರು ನೀವೇ.
ಎಪ್ಪತ್ತೇಳು, ಅಂದಿರಿ.
ಉಸಿರು ಎಳಿ, ಅಂದಿರಿ.
ಎಳೆದ. ಎಂಬತ್ತೆರಡು.
ತಂತಿಬೇಲಿಯ ಈಚೆ ನಿಂತು ಕೇಳಿಸಿಕೊಂಡಿದ್ದೇನೆ.
ಅಪ್ಪ ಒಂದು ಚೀಲ ಮಂಡಕ್ಕಿ ಹೊತ್ತು ತಂದು
ಪಾಸಾದವರಿಗೂ ಫೇಲಾದವರಿಗೂ
ಬೊಗಸೆ ಬೊಗಸೆ ಹಂಚಿದ.
ಅವತ್ತು ನಿಮ್ಮ ಕಾಗದದಲ್ಲಿ ಹೊಗೆ ಇರಲಿಲ್ಲ.
ದೋಷವಿಲ್ಲ, ಅಂತ ಇತ್ತು.

ಹದಿನೇಳು ವರ್ಷದಲ್ಲಿ ಎರಡು ಸರ್ತಿ ಹಿಮದ ಮೇಲಿದ್ದ.
ಅಲ್ಲಿಂದ ಒಂದು ಕಾಗದ:
ತಮ್ಮಾ, ಇಲ್ಲೂ ಹೊಗೇನೇ.
ಗುಡಾರದೊಳಗೆ ಹಗಲೂ ರಾತ್ರಿ ಸೀಮೆಎಣ್ಣೆ ಒಲೆ.
ಆರಿಸಿದರೆ ಬೆರಳು ಹೋಗುತ್ತವೆ, ಹಚ್ಚಿದರೆ ಉಗುಳು ಕರ್ರಗೆ.
ಹತ್ತು ಹೆಜ್ಜೆ ನಡೆದರೆ ನೂರು ಎಣಿಸಿ ನಿಲ್ಲಬೇಕು.
ನಮ್ಮ ಭಟ್ಟೀನೇ ಮೇಲು ಅನ್ನಿಸ್ತದೆ.

ಕೊನೇ ಸಾಲಿಗೆ ಬಂದು
ಪಾಲಾಕ್ಷಪ್ಪ ವಕೀಲರು ಕಾಗದ ಮಡಚಿ ನನಗೇ ಕೊಟ್ಟರು.
ಭಟ್ಟಿ ಅನ್ನೋ ಶಬ್ದ ಕೇಸಿಗೆ ಒಳ್ಳೇದಲ್ಲ.

ಬೇರೆ ದಾರಿ ಹುಡುಕಿದವರೂ ಅವರೇ.
ನೀನೂ ಅದೇ ಮನೆಯವನಲ್ಲವೇನಪ್ಪಾ,
ಇವತ್ತಿಗೂ ಅದೇ ಒಲೆ ಮುಂದೆ ಕೂತವನು?
ನೀನು ಗಟ್ಟಿಮುಟ್ಟಾಗಿದ್ದರೆ
ಹೊಗೆಯದೇನೂ ತಪ್ಪಿಲ್ಲ ಅಂತಾಯ್ತು.

ರಾಜೇಸಾಬ್ ಬಿನ್ ಬುಡನ್‌ಸಾಬ್, ವಯಸ್ಸು ನಲವತ್ತೊಂಬತ್ತು,
ಪ್ರಮಾಣ ಮಾಡಿ ಹೇಳುವುದೇನೆಂದರೆ,
ಮೂವತ್ತೊಂದು ವರ್ಷ ಭಟ್ಟಿಯಲ್ಲಿ ದುಡಿದಿದ್ದು
ಉಸಿರಿನ ಯಾವ ತೊಂದರೆಯೂ ನನಗಿರುವುದಿಲ್ಲ.

ಟೈಪಿನ ಹುಡುಗಿ ಮೊದಲ ಪ್ರತಿಯಲ್ಲಿ
ಉಸಿರು ಅನ್ನುವ ಕಡೆ ಉಸುಕು ಅಂತ ಹೊಡೆದಿದ್ದಳು.
ವಕೀಲರು ಕೆಂಪು ಪೆನ್ನಲ್ಲಿ ತಿದ್ದಿದರು.
ಇರಲಿ ಬಿಡಿ, ಅಂತ ನನಗನ್ನಿಸಿತ್ತು.

ಆ ಹಾಳೆಯಲ್ಲಿ ಇಲ್ಲದ್ದು ಒಂದಿದೆ.
ಮರುವರ್ಷ. ಅದೇ ಮೈದಾನ, ಅದೇ ಟೇಪು, ನಾನು.
ಎಪ್ಪತ್ತೇಳು, ಅಂದರು. ಎಳಿ, ಅಂದರು.
ಎಪ್ಪತ್ತೊಂಬತ್ತು.
ಇನ್ನೂ ಎಳಿಯೋ.
ಕಣ್ಣಲ್ಲಿ ನೀರು ಬರೋ ತನಕ ಎಳೆದೆ. ಕೆಮ್ಮು ಬಂತು.
ಪಕ್ಕಕ್ಕೆ ಹೋಗು, ಅಂದರು.
ಪಕ್ಕಕ್ಕೆ ಅಂದರೆ ಭಟ್ಟಿಗೆ.

ವಾಪಸ್ ಕಳಿಸಿದವರ ಅಳತೆಯನ್ನು
ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.
ಅಣ್ಣನ ಪುಣ್ಯ.

ನೋಟರಿ ಎದುರು ರುಜು ಹಾಕುವಾಗ
ರಾಜೇ ಆಗಿತ್ತು, ಸಾಬ್ ಬಾಕಿ, ಅದು ಎದ್ದಿತು.
ಸೀಲು ಎತ್ತಿ ಹಿಡಿದೇ ನೋಟರಿ ಕಾದರು.
ನೆಗಡಿ, ಅಂದೆ.

ರಾತ್ರಿ ಕಟ್ಟೆಯ ಮೇಲೆ ಅಣ್ಣ
ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಾನೆ,
ಮಲಗಿದರೆ ಮುಳುಗಿದ ಹಾಗಾಗುತ್ತದಂತೆ.
ಅವನಿಗೆ ಕೇಳಬಾರದೆಂದು
ಬಾಯಿಗೆ ಟವೆಲು ಒತ್ತಿ ಕೆಮ್ಮುತ್ತಿದ್ದೆ.
ಕತ್ತಲಲ್ಲಿ ಅವನ ಕೈ ನನ್ನ ಹೆಗಲು ತಡವಿತು,
ಕೈಯಲ್ಲಿ ಮಿಲಿಟರಿ ಆಸ್ಪತ್ರೆಯ ಪಂಪು.

ಎಳಿ, ಅಂದ,
ಥೇಟು ಆ ಟೇಪಿನವನ ದನಿಯಲ್ಲಿ.
ಎಳೆದೆ.

ಹದಿನೇಳಕ್ಕೆ ಹಿಯರಿಂಗು, ಅಂದ ಆಮೇಲೆ.
ಅಲ್ಲಿ ಕೆಮ್ಮಬೇಡ.